ಎಲ್ಲ ಪರಿಕರಗಳೂ ಪೆಟ್ಟಿಗೆಯಲ್ಲಿವೆ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ, ಕಳೆ ತೆಗೆಯುವ ಸಣ್ಣ ಯಂತ್ರಗಳನ್ನು ಮಾಡುವ ಕಂಪನಿಯೊಂದರಲ್ಲಿ ಪವಿತ್ರ ಕೆಲಸಕ್ಕಿದ್ದಳು. ಗಿರಾಕಿಗಳ ಫೋನಿಗೆ ಉತ್ತರ ಕೊಡುವುದು ಅವಳ ಕೆಲಸ. ಅಂಚೆಟ್ಟಿ ಕಡೆಯ ಗುಡ್ಡದ ಊರಿನವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಹುಡುಗಿಯರಿಂದ ತೆಲುಗು, ಹೀಗೆ ಮೂರನ್ನೂ ಬಾಯಿಗೆ ಹತ್ತಿಸಿಕೊಂಡಿದ್ದಳು. ಅದನ್ನು ನೋಡಿಯೇ ಆ ಕುರ್ಚಿ ಕೊಟ್ಟಿದ್ದರು. ಫೋನು ಎತ್ತಿದೊಡನೆ, ಆ ಕಡೆಯವರು ಗಂಟಲು ಸರಿಮಾಡಿಕೊಳ್ಳುವುದರಲ್ಲೇ, ಇದು ಯಾವ ಭಾಷೆಯ ಸಿಟ್ಟು ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಆದರೆ ಆ ಬೆಳಿಗ್ಗೆ ಬಂದ ಫೋನಿನಲ್ಲಿ ಸಿಟ್ಟಿರಲಿಲ್ಲ.

“ಕಳೆ ಮಿಷನ್ ಕಂಪ್ನಿಯಾ? ನಾನು ಉದ್ದನಪಲ್ಲಿ ತಾವಿಂದ ಗಂಗರತ್ನಮ್ಮ ಅಂತ. ಮಿಷನ್ನು ಬಂತು ಕಣಮ್ಮ, ಚೆನ್ನಾಗೈತೆ. ಆದ್ರೆ ನೀವು ಒಳಗೆ ಮಡಗಿರೋ ಕನ್ನಡದ ಹಾಳೆ ನಂಗೆ ಅರ್ಥ ಆಯ್ತಿಲ್ಲ. ಓದ್ತೀನಿ, ಕೇಳಿಸ್ಕೋ. ‘ಎಲ್ಲ ಪರಿಕರಗಳೂ ಪೆಟ್ಟಿಗೆಯಲ್ಲಿವೆ.’ ಆಯ್ತಾ? ಅದರ ಕೆಳಗೇ, ‘ಪರಿಕರಗಳನ್ನು ಪ್ರತ್ಯೇಕವಾಗಿ ಕೊಳ್ಳತಕ್ಕದ್ದು.’ ಈಗ ನೀನೇ ಹೇಳು ಮಗಾ. ಅವು ಐತಾ, ಇಲ್ವಾ?”

ಪವಿತ್ರಳಿಗೆ ನಗು ಬಂತು. ನಗುತ್ತಲೇ ಮೇಜಿನ ಡ್ರಾಯರಿನಿಂದ ಅದೇ ಹಾಳೆಯನ್ನು ತೆಗೆದಳು. ಮುದುಕಿ ಓದಿದ್ದು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಇಷ್ಟು ದಿನ ಆ ಹಾಳೆ ಅವಳ ಕೈಯಳತೆಯಲ್ಲೇ ಇತ್ತು, ಈ ಎರಡು ಸಾಲು ಒಂದರ ಮೇಲೊಂದು ಕುಳಿತು ಜಗಳವಾಡುತ್ತಿರುವುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ಬ್ಲೇಡು ಬಂದಿಲ್ವಾ ಅಮ್ಮ?”

“ಎಲ್ ಬಂತು? ಇಂಜಿನ್ನೈತೆ, ಎರಡು ಚಕ್ರ ಐತೆ, ಮುಂದೆ ಲೈಟೈತೆ. ನಮ್ಮೆಜಮಾನ್ರು ಹ್ಯಾಂಡ್ಲಿಗೆ ಹಾಲಿನ ಕ್ಯಾನ್ ನೇತಾಕ್ಕೊಂಡು, ಹಿಂದೆ ನಡ್ಕೊಂಡು, ಡೈರಿಗೆ ಹೋಗ್ಬುಟ್ಟು ಬತ್ತಾವ್ರೆ. ಕಳೆ ಮಾತ್ರ ಅದರ ಪಾಡಿಗೆ ಅದು ಬೆಳೀತಾ ಐತೆ.”

ಬ್ಲೇಡನ್ನು ಅಂಗಡಿಯವರು ಬೇರೆಯಾಗಿ ಕೊಡಬೇಕಿತ್ತು, ಹೇಳಲು ಮರೆತಿರಬೇಕು, ತಾನೇ ಏರ್ಪಾಟು ಮಾಡುತ್ತೇನೆ ಎಂದು ಪವಿತ್ರ ಸಮಾಧಾನ ಹೇಳಿದಳು. ಗಂಗರತ್ನಮ್ಮನಿಗೆ ಅಷ್ಟು ಸಾಲಲಿಲ್ಲ.

“ಬ್ಲೇಡು ಕಳ್ಸೋದು ಕಳ್ಸು. ಇದನ್ಯಾಕೆ ಹಿಂಗೆ ಬರ್ದವ್ರೆ ಅಂತ ತಿಳ್ಕೊಂಡು ಹೇಳು. ನಾನು ಏಳ್ನೇ ಕ್ಲಾಸ್‌ವರ್ಗೂ ಕನ್ನಡದಲ್ಲೇ ಓದಿರೋಳು. ಬೋಂಡ ಕಟ್ಟಿಕೊಟ್ಟ ಪೇಪರ್ರೂ ಬಿಡದಂಗೆ ಓದ್ತೀನಿ. ಓದಿದ್ದು ಅರ್ಥ ಆಗ್ದಿದ್ರೆ ನಂಗೆ ಅನ್ನ ಸೇರಾಕಿಲ್ಲ.”

ಫೋನಿಟ್ಟ ಮೇಲೆ ಪವಿತ್ರ ಇಂಗ್ಲಿಷಿನ ಮೂಲ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದಳು. ಮೇಲಿನ ಸಾಲಿನಲ್ಲಿ ಆಕ್ಸೆಸರೀಸ್ ಎಂದಿತ್ತು, ಕೆಳಗಿನದರಲ್ಲಿ ಅಟ್ಯಾಚ್‌ಮೆಂಟ್ಸ್. ಕೊನೆಯ ಪುಟದಲ್ಲಿ, ಬಿಡಿಭಾಗಗಳ ಚಿತ್ರದ ತಲೆಯ ಮೇಲೆ, ಅಪೆಂಡಿಕ್ಸ್, ಅಂದರೆ ಅನುಬಂಧ, ಎಂದಿತ್ತು. ಕನ್ನಡಕ್ಕೆ ಮಾಡಿದ ಏಜೆನ್ಸಿಯವರು ಮೂರಕ್ಕೂ ‘ಪರಿಕರ’ ಎಂಬ ಒಂದೇ ಟೋಪಿ ಹಾಕಿ ಕಳಿಸಿದ್ದರು.

ಏಜೆನ್ಸಿಯವರನ್ನು ಬೈದುಕೊಳ್ಳುವುದು ಸುಲಭವಿತ್ತು. ಆದರೆ ತನಗಾದರೂ ವ್ಯತ್ಯಾಸ ಗೊತ್ತಿದೆಯೇ ಎಂದು ಪವಿತ್ರ ತನ್ನನ್ನೇ ಕೇಳಿಕೊಂಡಳು. ದಿನಕ್ಕೆ ಎಷ್ಟೋ ಸಲ ಆಡುವ ಮಾತುಗಳು. ಬಿಡಿಸಿ ಹೇಳು ಎಂದರೆ ನಾಲಿಗೆಗೆ ಏನೂ ಬರಲಿಲ್ಲ.

ಮ್ಯಾನೇಜರ್ ಅರುಣ್‌ಕುಮಾರ್ ಧರ್ಮಪುರಿಯವರು, ತಮಿಳು ಮನೆಮಾತಿನವರು. ಆ ಇಂಗ್ಲಿಷ್ ಹಾಳೆಯನ್ನು ಬರೆದವರೂ ಅವರೇ. ಪವಿತ್ರ ಹೋಗಿ ಕೇಳಿದ್ದಕ್ಕೆ “ರೆಂಡುಮೇ ಒಣ್ಣುದಾನೇ ಮಾ,” ಎರಡೂ ಒಂದೇ ತಾನೇ, ಎಂದು ನಕ್ಕರು. ನಕ್ಕವರು ಹಾಗೇ ಪೆನ್ನು ಕಚ್ಚಿಕೊಂಡರು.

“ಒಂದೇ ಆಗಿದ್ದರೆ ನಾನು ಎರಡು ಪದ ಯಾಕೆ ಬರೆದೆ?” ಎಂದು ತಮ್ಮನ್ನು ತಾವೇ ಕೇಳಿಕೊಂಡರು. “ಹಳೇ ಮಾಡೆಲಿನ ಹಾಳೆಯಲ್ಲಿ ಹಾಗಿತ್ತು, ಹಾಗೇ ಇಳಿಸಿದೆ. ನೀನು ಕಂಡುಹಿಡಿದರೆ ನನಗೂ ಹೇಳು.”

ಅಲ್ಲಿಂದ ಪವಿತ್ರ ಸ್ಟೋರಿಗೆ ಹೋದಳು. ಸ್ಟೋರ್ ನೋಡಿಕೊಳ್ಳುವ ವಾಸು ಜವಳಗಿರಿಯವನು. ಎಡಗಡೆಯ ರ‍್ಯಾಕುಗಳಲ್ಲಿ ಆಕ್ಸೆಸರಿ, ಬಲಗಡೆ ಅಟ್ಯಾಚ್‌ಮೆಂಟು. ಅವನಿಗೆ ಇದರಲ್ಲಿ ಯಾವ ಅನುಮಾನವೂ ಇರಲಿಲ್ಲ.

“ಮಿಷನ್ನಿಗೆ ಸಿಗಿಸೋದೆಲ್ಲ ಅಟ್ಯಾಚ್‌ಮೆಂಟು ಅಕ್ಕ. ಸಿಗಿಸ್ದೆ ಇರೋದು ಆಕ್ಸೆಸರಿ.”

“ಮಡ್‌ಗಾರ್ಡು ಎಡಗಡೆ ಐತಲ್ಲೋ. ಅದನ್ನ ಬೋಲ್ಟ್ ಹಾಕಿ ಬಿಗಿಯಾಕಿಲ್ವಾ? ಲೈಟು?”

ವಾಸು ತಲೆ ಕೆರೆದುಕೊಂಡ. “ಹೌದಲ್ಲ. ಸರಿ, ಹಿಂಗೆ ಹೇಳಾನ. ಹಾಕಿ ತೆಗೆದು ಮಾಡೋದು ಅಟ್ಯಾಚ್‌ಮೆಂಟು. ಒಂದ್ಸಲ ಹಾಕಿದ್ರೆ ಅಲ್ಲೇ ಇರೋದು ಆಕ್ಸೆಸರಿ.”

“ಮತ್ತೆ ಈ ಸ್ಪ್ಯಾನರ್ರು? ಇದನ್ನ ಯಾವತ್ತೂ ಹಾಕೋದೇ ಇಲ್ಲ, ಚೀಲದಲ್ಲೇ ಇರ್ತದೆ. ಇದೂ ಎಡಗಡೇನೇ ಐತೆ.”

“ಅಕ್ಕ, ಮಧ್ಯಾಹ್ನಕ್ಕೆ ಲಾರಿ ಬತ್ತದೆ,” ಎಂದು ವಾಸು ಕೈಮುಗಿದ. “ನನ್ನ ತಲೆ ಕೆಡಿಸ್ಬೇಡ.”

ಕೆಟ್ಟಿದ್ದು ಪವಿತ್ರಳ ತಲೆ. ಸಂಜೆ ಟೌನ್ ಬಸ್ಸಿನಲ್ಲಿ ಕೂತು ಮೊಬೈಲಿನ ಡಿಕ್ಷನರಿ ತೆಗೆದರೆ, ಒಂದು ಪದಕ್ಕೆ ‘ಸೇರಿಸಿದ ವಸ್ತು’ ಎಂದಿತ್ತು, ಇನ್ನೊಂದಕ್ಕೂ ‘ಸೇರಿಸಿದ ವಸ್ತು’ ಎಂದೇ ಇತ್ತು. ಕಿಟಕಿಯಿಂದಾಚೆ ನೋಡಿದರೆ ಕಂಡದ್ದೆಲ್ಲ ಅದೇ ಪ್ರಶ್ನೆಯಾಗಿ ಕಾಣಿಸತೊಡಗಿತು. ಮುಂದಿನ ಸೀಟಿನ ಹುಡುಗಿಯ ಕೈಯಲ್ಲಿದ್ದ ಮೊಬೈಲಿನ ಕವರು, ಡ್ರೈವರ್ ಮುಂದಿನ ಹೂವಿನ ಹಾರ, ಪಕ್ಕದಲ್ಲಿ ಸಾಗುತ್ತಿದ್ದ ಮೋಟಾರ್ ಸೈಕಲ್ಲಿಗೆ ಬೆಸುಗೆ ಹಾಕಿಸಿದ ಹಾಲಿನ ಕ್ಯಾನಿನ ಸ್ಟ್ಯಾಂಡು. ಅಂಗಡಿಯವನು ಮೊಬೈಲ್ ಕವರನ್ನು ಆಕ್ಸೆಸರಿ ಎನ್ನುತ್ತಾನೆ. ಅದೇ ಮೊಬೈಲಿನಿಂದ ಮೇಲ್‌ನಲ್ಲಿ ಕಳಿಸುವ ಫೋಟೋ ಅಟ್ಯಾಚ್‌ಮೆಂಟು. ಮೇಲ್‌ನಲ್ಲಿ ಆಕ್ಸೆಸರಿ ಕಳಿಸಿದೆ ಎಂದು ಯಾರೂ ಹೇಳುವುದಿಲ್ಲ. ಯಾಕೆ? ಯಾರೂ ಹೇಳಿಕೊಡದೆ ಎಲ್ಲರಿಗೂ ಇದು ಹೇಗೆ ಗೊತ್ತು? ಯೋಚನೆಯಲ್ಲಿ ಅವಳು ಇಳಿಯುವ ಸ್ಟಾಪು ದಾಟಿಹೋಯಿತು.

ಬ್ಲೇಡನ್ನು ಪಾರ್ಸೆಲಿಗೆ ಹಾಕಬಹುದಿತ್ತು. ಪವಿತ್ರ ಹಾಕಲಿಲ್ಲ. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಒಂದು ಜೊತೆಯನ್ನು ತಾನೇ ಒಯ್ದು ಹಾಕಿಕೊಟ್ಟು ಬರುತ್ತೇನೆಂದು ಅರುಣ್‌ಕುಮಾರರನ್ನು ಕೇಳಿದಳು. ಅವರು ಒಪ್ಪಿದರು. ಭಾನುವಾರ ಬೆಳಿಗ್ಗೆ ಗೋಣಿಚೀಲದಲ್ಲಿ ಬ್ಲೇಡು ಕಟ್ಟಿಕೊಂಡು ಉದ್ದನಪಲ್ಲಿಯ ಬಸ್ಸು ಹತ್ತಿದಳು.

ಊರಿನಿಂದ ಸ್ವಲ್ಪ ಆಚೆ, ಹೊಲದಲ್ಲೇ ಗಂಗರತ್ನಮ್ಮನ ಮನೆ. ಅಂಗಳದಲ್ಲಿ ಗಂಡ ಮುತ್ತರಾಯಪ್ಪ ಯಂತ್ರವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು, ಎತ್ತಿನ ಮೈ ತೊಳೆದಷ್ಟೇ ಅಕ್ಕರೆಯಿಂದ. ಹುಣಸೆಮರದ ಕೆಳಗೆ ಕರುವೊಂದನ್ನು ಕಟ್ಟಿದ್ದರು. ಮಗ ಅಂಬರೀಶ್ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗಿದ್ದ. ಗಂಗರತ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ತೆಳ್ಳಗಿನ ಹೆಂಗಸು, ಕಣ್ಣು ಮಾತ್ರ ಬಲು ಚುರುಕು.

“ಫೋನಿನ ಹುಡ್ಗೀನಾ? ನೀನೇ ಬಂದ್ಬುಟ್ಟ್ಯಾ! ಕೂತ್ಕೋ ಬಾ. ಮೊದ್ಲು ಅದನ್ನ ಹೇಳು. ಸಿಕ್ತಾ ಅರ್ಥ?”

“ಸಿಕ್ಕಿಲ್ಲ ಅಮ್ಮ,” ಎಂದು ಪವಿತ್ರ ಒಪ್ಪಿಕೊಂಡಳು. “ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಪದ ಐತೆ. ಆಕ್ಸೆಸರಿ, ಅಟ್ಯಾಚ್‌ಮೆಂಟು. ಕನ್ನಡದೋರು ಎರಡನ್ನೂ ಒಂದೇ ಮಾಡ್ಬುಟ್ಟವ್ರೆ. ಆದ್ರೆ ಆ ಎರಡಕ್ಕೆ ಏನು ವ್ಯತ್ಯಾಸ ಅಂತ ನಮ್ಮ ಕಂಪ್ನೀಲಿ ಯಾರ್ಗೂ ಬಿಡಿಸಿ ಹೇಳಾಕೆ ಬರ್ತಿಲ್ಲ.”

ಗಂಗರತ್ನಮ್ಮನಿಗೆ ಇದರಿಂದ ಬೇಸರವಾಗಲಿಲ್ಲ. ಹಬ್ಬಕ್ಕೆ ನಾದಲು ಹೋಳಿಗೆಯ ಕಣಕ ಸಿಕ್ಕವರಂತೆ ಉತ್ಸಾಹದಿಂದ ಹತ್ತಿರ ಸರಿದು ಕೂತರು.

“ಅಟ್ಯಾಚು ಅಂದ್ರೆ ನಂಗ್ಗೊತ್ತು. ಅಟ್ಯಾಚ್ ಬಾತ್‌ರೂಮು. ಹೋದ ವರ್ಷ ನಮ್ಮ ಅಂಬರೀಶ ಕಟ್ಟಿಸ್ದ. ಆದ್ರೆ ಅದನ್ನ ಬಿಚ್ಚಾಕಾಯ್ತದಾ? ಗೋಡೆ ಜೊತೆ ಗೋಡೆ ಸೇರ್ಕೊಂಡೈತೆ.”

“ಅಲ್ವಾ? ಅದೇ ನೋಡಿ. ಬಿಚ್ಚೋದು, ಬಿಚ್ಚದೆ ಇರೋದು ಅನ್ನೋ ಲೆಕ್ಕ ಅಲ್ಲಿಗೆ ಮುರಿದುಬಿತ್ತು.”

“ಇನ್ನೊಂದು,” ಎಂದರು ಗಂಗರತ್ನಮ್ಮ. “ಕೊನೇ ಹಾಳೇಲೂ ಪರಿಕರ ಅಂತೈತಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನಂತ?”

“ಅಪೆಂಡಿಕ್ಸ್.”

ಗಂಗರತ್ನಮ್ಮ ಒಂದು ಕ್ಷಣ ಅವಳನ್ನೇ ನೋಡಿ ತಮ್ಮ ಹೊಟ್ಟೆಯ ಬಲಭಾಗ ಮುಟ್ಟಿಕೊಂಡರು. “ಅದನ್ನ ನನ್ನ ಹೊಟ್ಟೆಯಿಂದ ಕೃಷ್ಣಗಿರಿ ಆಸ್ಪತ್ರೇಲಿ ತೆಗೆದಾಕಿದ್ರು! ಅದು ಈ ಹಾಳೆಗೆ ಹೆಂಗೆ ಬಂತು?”

ಪವಿತ್ರಳಿಗೆ ನಗು ತಡೆಯಲಾಗಲಿಲ್ಲ. ಗಂಗರತ್ನಮ್ಮನೂ ನಕ್ಕರು. ಮುತ್ತರಾಯಪ್ಪ ಮಾತ್ರ ಒರೆಸುವುದು ನಿಲ್ಲಿಸಿ, “ಅಮ್ಮೀ, ಮೊದ್ಲು ಬ್ಲೇಡು ಹಾಕಿಸು. ಮಾತು ಎಲ್ಗೋಯ್ತದೆ?” ಎಂದು ಹೆಂಡತಿಗೆ ಹೇಳಿದರು.

ಚಕ್ರ ಬಿಚ್ಚಿ, ಅದೇ ಆ್ಯಕ್ಸಲಿಗೆ ಬ್ಲೇಡು ತೂರಿಸಿ, ಪಿನ್ನು ಹಾಕುವುದನ್ನು ಪವಿತ್ರ ಕಂಪನಿಯಲ್ಲಿ ಕಲಿತಿದ್ದಳು. ಹಾಕುತ್ತಿರುವಾಗ ಗಂಗರತ್ನಮ್ಮ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತು ನೋಡುತ್ತಿದ್ದರು.

“ಮೊದ್ಲು ನಮ್ಮನೇಲಿ ಎತ್ತಿದ್ವು,” ಎಂದರು. “ನೊಗಕ್ಕೆ ನೇಗ್ಲು ಕಟ್ಟಿದ್ರೆ ಉಳೋದು, ಕುಂಟೆ ಕಟ್ಟಿದ್ರೆ ಹರಗೋದು, ಗಾಡಿ ಕಟ್ಟಿದ್ರೆ ಸಂತೆಗೆ ಹೋಗೋದು. ಕೊರಳಿಗೆ ಗೆಜ್ಜೆ ಕಟ್ಟಿದ್ರೆ? ಏನೂ ಇಲ್ಲ, ಕಿವಿಗೆ ಇಂಪು. ನಿಮ್ಮ ಈ ಬ್ಲೇಡು ಕುಂಟೆ ಇದ್ದಂಗೆ. ಲೈಟು, ಮಡ್‌ಗಾರ್ಡು ಗೆಜ್ಜೆ ಇದ್ದಂಗೆ. ಸರೀನಾ?”

ಪವಿತ್ರ ಸ್ಪ್ಯಾನರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಸಿಕ್ಕಿತಲ್ಲ ಎನಿಸಿತು. ಯಾವುದನ್ನು ಹಾಕದಿದ್ದರೆ ಕೆಲಸವೇ ಇಲ್ಲವೋ ಅದು ಅಟ್ಯಾಚ್‌ಮೆಂಟು, ಇಲ್ಲದಿದ್ದರೂ ನಡೆಯುವಂಥದ್ದು ಆಕ್ಸೆಸರಿ. ಎಷ್ಟು ಸುಲಭ! ಬಸ್ಸಿನಲ್ಲಿ ಕಂಡ ಮೊಬೈಲ್ ಕವರು, ಹೂವಿನ ಹಾರ ಎಲ್ಲ ಆ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಕೂತವು. ನಾಳೆಯೇ ಮ್ಯಾನೇಜರಿಗೆ ಹೇಳಬೇಕು ಎಂದುಕೊಂಡಳು.

ಮನೆಯ ಹಿಂದೆ ಹುರುಳಿಕಾಯಿ ಹಾಕಿದ್ದರು. ಸಾಲುಗಳ ನಡುವೆ ಗರಿಕೆಯೂ ಕೊನ್ನಾರಿಯೂ ಪೈಪೋಟಿಗೆ ಬಿದ್ದು ಬೆಳೆದಿದ್ದವು. ಮುತ್ತರಾಯಪ್ಪ ಹ್ಯಾಂಡಲ್ ಹಿಡಿದರು. ಇಂಜಿನ್ ಗುರುಗುಟ್ಟಿತು. ಮೊದಲ ಕೆಲವು ಹೆಜ್ಜೆ ಬ್ಲೇಡು ಮಣ್ಣನ್ನು ಚೆನ್ನಾಗಿ ಕೆದಕಿಕೊಂಡು ಹೋಯಿತು. ಗಂಗರತ್ನಮ್ಮ ಕೈತಟ್ಟಿದರು. ಆಮೇಲೆ, ಹಿಂದಿನ ಸಂಜೆ ನೀರು ಬಿಟ್ಟಿದ್ದ ಮೆತ್ತನೆ ಜಾಗ ಬಂದದ್ದೇ ತಡ, ಯಂತ್ರ ಒಮ್ಮೆ ಮೂಗು ತಗ್ಗಿಸಿ ಗುಂಡಿ ತೋಡಿತು, ಮತ್ತೊಮ್ಮೆ ಎಗರಿ ಮುಂದಕ್ಕೆ ಓಡಿತು. ಹ್ಯಾಂಡಲ್ ಹಿಡಿದಿದ್ದ ಮುತ್ತರಾಯಪ್ಪನವರನ್ನೂ ಎಳೆದುಕೊಂಡು ಹೋಯಿತು.

“ಬಿಡಿ, ಕ್ಲಚ್ ಬಿಡಿ!” ಎಂದು ಪವಿತ್ರ ಕೂಗಿದಳು.

ಅವರು ಬಿಡುವಷ್ಟರಲ್ಲಿ ಅದು ಪಕ್ಕದ ಸಾಲಿಗೆ ನುಗ್ಗಿತ್ತು. ಹೂ ಬಿಟ್ಟಿದ್ದ ಗಿಡಗಳು ಬೇರುಸಮೇತ ಮೇಲೆ ಬಂದು ಬಿದ್ದಿದ್ದವು. ಗಂಗರತ್ನಮ್ಮ ಬಗ್ಗಿ ಒಂದು ಗಿಡವನ್ನು ಎತ್ತಿ, ಬೇರಿನ ಮಣ್ಣು ಕೊಡವಿ, ಮತ್ತೆ ಅಲ್ಲೇ ಮಲಗಿಸಿದರು. ಪವಿತ್ರಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾನಾಗಿ ಮೇಲೆ ಬಿದ್ದು ಬಂದು ಬೆಳೆ ಕೆಡಿಸಿದಂತಾಯಿತಲ್ಲ.

“ಏಟೇನೂ ಆಗ್ಲಿಲ್ಲ ತಾನೇ ತಾತ?”

“ನಂಗೇನಾಯ್ತದೆ,” ಎಂದರು ಮುತ್ತರಾಯಪ್ಪ ಏದುಸಿರು ಬಿಡುತ್ತ. “ಹೋರಿ ಹಿಡಿದಂಗಾಯ್ತು.”

ಪವಿತ್ರ ವಾಸುವಿಗೆ ಫೋನು ಮಾಡಿದಳು. ಭಾನುವಾರ ಎಂದು ಅವನು ಗೊಣಗಿದರೂ ವಿಷಯ ಕೇಳಿದ ಮೇಲೆ ಒಂದೇ ಮಾತು ಕೇಳಿದ. “ಹಿಂದಗಡೆ ಡೆಪ್ತ್ ಬಾರ್ ಹಾಕಿದ್ರಾ ಅಕ್ಕ? ಮಣ್ಣಿಗೆ ಊರಿಕೊಂಡು ಹಿಡಿಯೋದು. ಅದಿಲ್ಲದಿದ್ರೆ ಮಿಷನ್ನು ಹಂಗೇ ಓಡ್ಬುಡ್ತದೆ. ಆಕ್ಸೆಸರಿ ಚೀಲದಲ್ಲೇ ಇರ್ತದಲ್ಲ.”

ಕಂಪನಿಯ ಯಂತ್ರಕ್ಕೆ ಬಾರ್ ಮೊದಲೇ ಹಾಕಿರುತ್ತಿದ್ದುದರಿಂದ ಪವಿತ್ರಳಿಗೆ ಅದರ ನೆನಪೇ ಬಂದಿರಲಿಲ್ಲ. ಚೀಲ ತಂದು ಸುರುವಿದರು. ಸ್ಪ್ಯಾನರು, ಪ್ಲಗ್ಗು ಬಿಚ್ಚುವ ಕೊಳವೆ, ಎಣ್ಣೆ ಹಾಕುವ ಆಲಿಕೆ ಇದ್ದವು. ಬಾರ್ ಇರಲಿಲ್ಲ.

“ಹೆಂಗಿರ್ತದೆ ಅದು?” ಎಂದು ಮುತ್ತರಾಯಪ್ಪ ಮೆಲ್ಲಗೆ ಕೇಳಿದರು.

“ಕಬ್ಬಿಣದ ಪಟ್ಟಿ ತಾತ, ಇಷ್ಟುದ್ದ. ಕಿತ್ತಳೆ ಬಣ್ಣ. ಕೆಳಗೆ ಚೂಪು, ಮೇಲೆ ಸಾಲಾಗಿ ತೂತು.”

ಮುತ್ತರಾಯಪ್ಪ ಹುಣಸೆಮರದ ಕಡೆ ನೋಡಿದರು. ಉಳಿದಿಬ್ಬರೂ ಅತ್ತ ನೋಡಿದರು. ಕರುವಿನ ಹಗ್ಗ ಕಟ್ಟಿದ್ದ ಗೂಟ ಕಿತ್ತಳೆ ಬಣ್ಣದ್ದಾಗಿತ್ತು. ಮೇಲಿನ ತೂತಿನಲ್ಲಿ ಹಗ್ಗವನ್ನು ಚೆಂದವಾಗಿ ಗಂಟು ಹಾಕಿದ್ದರು.

“ಗೂಟ ಅಂತ ಕೊಸರಿಗೆ ಕೊಟ್ಟವ್ರೆ ಅಂದ್ಕೊಂಡೆ,” ಎಂದರು ಅವರು. “ಒಳ್ಳೇ ಕಂಪ್ನಿ, ಕರುವಿನ ಯೋಚ್ನೇನೂ ಮಾಡವ್ರೆ ಅಂತ ಡೈರೀಲೂ ಹೇಳ್ದೆ.”

ಗಂಗರತ್ನಮ್ಮ ಗಂಡನನ್ನು ಬೈಯಲು ಬಾಯಿ ತೆರೆದರು. ಬೈಗುಳದ ಬದಲು ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹುರುಳಿಕಾಯಿ ಸಾಲಿನ ನಡುವೆಯೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪವಿತ್ರಳ ಎದೆಯ ಮೇಲಿದ್ದ ಕಲ್ಲು ಸ್ವಲ್ಪ ಸರಿಯಿತು.

ಕರುವನ್ನು ಮರಕ್ಕೆ ಕಟ್ಟಿ, ಗೂಟ ಕಿತ್ತು, ತೊಳೆದು, ಯಂತ್ರದ ಹಿಂಬದಿಗೆ ಹಾಕಿದರು. ಈ ಸಲ ಮುತ್ತರಾಯಪ್ಪ ಬಾರನ್ನು ಮಣ್ಣಿಗೆ ಒತ್ತಿ ಹಿಡಿದು ನಡೆಸಿದಾಗ ಯಂತ್ರ ಪಳಗಿದ ಎತ್ತಿನಂತೆ ಸಾಲು ಬಿಡದೆ ಹೋಯಿತು. ಹಿಂದೆ ಕಳೆ ಮಗುಚಿಕೊಂಡು ಬಿತ್ತು. ಅವರು ಆ ತುದಿ ಮುಟ್ಟಿ ತಿರುಗಿ, ದೂರದಿಂದಲೇ ಕೈಯೆತ್ತಿದರು.

ಆದರೆ ಪವಿತ್ರಳ ಅಚ್ಚುಕಟ್ಟಾದ ಲೆಕ್ಕ ಆ ಬಾರಿನ ಜೊತೆಗೇ ಮಣ್ಣುಪಾಲಾಗಿತ್ತು. ಬದುವಿನ ಮೇಲೆ ಕೂತು ಗಂಗರತ್ನಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ ಹೇಳಿದಳು. “ಇದ್ದರೂ ಆಯ್ತು, ಇಲ್ಲದಿದ್ರೂ ಆಯ್ತು ಅನ್ನೋದು ಆಕ್ಸೆಸರಿ ಅಂದ್ಕೊಂಡಿದ್ದೆ ಅಮ್ಮ. ಈ ಬಾರ್ ಆಕ್ಸೆಸರಿ. ಇಲ್ಲದೆ ಏನಾಯ್ತು ಅಂತ ನೋಡಿದ್ರಲ್ಲ.”

“ಹಂಗಾದ್ರೆ ನನ್ನ ಗೆಜ್ಜೆ ಲೆಕ್ಕಾನೂ ತಪ್ಪು,” ಎಂದರು ಗಂಗರತ್ನಮ್ಮ. ಸ್ವಲ್ಪವೂ ನೊಂದುಕೊಳ್ಳದೆ ಮತ್ತೆ ಯೋಚನೆಗೆ ಬಿದ್ದರು. “ಹಾಳೇಲಿ ಬರ್ದಿರೋ ನೀರೆತ್ತೋ ಪಂಪು ಹಾಕಿದ್ರೂ ಈ ಬಾರ್ ಬೇಕಾ?”

“ಪಂಪಿಗೆ ಬೇಡ. ಸಾಲು ಏರಿಸೋ ನೇಗಿಲು ಹಾಕಿದ್ರೆ ಬೇಕು.”

“ಬಾರ್ ಒಂದನ್ನೇ ಹಾಕಿ, ಬ್ಲೇಡು ಹಾಕ್ದೆ ಬಿಟ್ರೆ?”

“ಏನೂ ಆಗಾಕಿಲ್ಲ. ಬರೀ...” ಪವಿತ್ರ ಮಾತು ನಿಲ್ಲಿಸಿದಳು. ಲೋಟವನ್ನು ಬದುವಿನ ಮೇಲಿಟ್ಟಳು. “ಇರಿ ಅಮ್ಮ. ಬೇಕಾ ಬೇಡ್ವಾ ಅನ್ನೋದು ಪ್ರಶ್ನೆ ಅಲ್ಲ. ಬ್ಲೇಡು ಹಾಕಿದ್ರೆ ಇದು ಕಳೆ ಮಿಷನ್ನು. ಪಂಪು ಹಾಕಿದ್ರೆ ನೀರಿನ ಮಿಷನ್ನು. ಚಕ್ರ ಹಾಕಿದ್ರೆ...”

“ಹಾಲಿನ ಗಾಡಿ.”

“ಹ್ಞಾ! ಏನು ಹಾಕ್ತೀವೋ ಅದರ ಮೇಲೆ ಮಿಷನ್ನಿನ ಕೆಲ್ಸ ಬದಲಾಯ್ತದೆ. ಅದು ಅಟ್ಯಾಚ್‌ಮೆಂಟು. ಬಾರು, ಲೈಟು, ಸ್ಪ್ಯಾನರ್ರು ಕೆಲ್ಸ ಬದಲಾಯಿಸಾಕಿಲ್ಲ. ನಡೀತಿರೋ ಕೆಲ್ಸಕ್ಕೆ ಒತ್ತಾಸೆ ಆಯ್ತವೆ. ಕೆಲವು ಬೇಕೇ ಬೇಕು, ಕೆಲವು ಅಲಂಕಾರಕ್ಕೆ. ಎರಡೂ ಆಕ್ಸೆಸರೀನೇ.”

ಗಂಗರತ್ನಮ್ಮ ಇದನ್ನು ಬಾಯಲ್ಲಿಟ್ಟು ಚಪ್ಪರಿಸಿದಂತೆ, ಬ್ಲೇಡು, ಬಾರು, ಲೈಟು ಎಂದು ಬೆರಳು ಮಡಿಸಿ ಎಣಿಸಿದರು. “ಬಾತ್‌ರೂಮು?” ಎಂದರು ಆಮೇಲೆ.

“ಅದು ಗೊತ್ತಾಗ್ಲಿಲ್ಲ ಅಮ್ಮ. ಅಲ್ಲಿ ಬರೀ ‘ಸೇರ್ಕೊಂಡಿರೋದು’ ಅಂತ ಇರಬೇಕು. ಮನೆಗೂ ಮಿಷನ್ನಿಗೂ ಒಂದೇ ಪದ ಅಂದ್ರೂ ಅರ್ಥ ಒಂದೇ ಇರಾಕಿಲ್ವೇನೋ.”

“ಮತ್ತೆ ನನ್ನ ಹೊಟ್ಟೇದು?”

“ಅದನ್ನ ಯಾರೂ ತಂದು ಹಾಕಿದ್ದಲ್ಲ. ಕರುಳಿನ ತುದೀಲಿ ಅದರದೇ ಭಾಗವಾಗಿ ನೇತಾಡ್ತಿತ್ತು. ಪುಸ್ತಕದ ಅಪೆಂಡಿಕ್ಸೂ ಹಂಗೇ ಕೊನೇಲಿ ಇರ್ತದೆ, ಪುಸ್ತಕದ ಜೊತೇಲೇ ಹೊಲಿದಿರ್ತಾರೆ.”

“ಕಿತ್ತಾಕಿದ್ರೂ ಪುಸ್ತಕ ಪುಸ್ತಕಾನೇ,” ಎಂದು ಗಂಗರತ್ನಮ್ಮ ತಲೆದೂಗಿದರು. “ನಾನೂ ನಾನೇ ಆಗಿವ್ನಿ ಕಣಮ್ಮ.”

ಅಷ್ಟರಲ್ಲಿ ಮುತ್ತರಾಯಪ್ಪ ಬಂದು ನಿಂತಿದ್ದರು. ಲೈಟನ್ನು ಅಲಂಕಾರದ ಕಡೆ ಸೇರಿಸಿದ್ದು ಅವರಿಗೆ ಹಿಡಿಸಲಿಲ್ಲ. ನಸುಕಿನಲ್ಲಿ ಡೈರಿಗೆ ಹೋಗುವವನಿಗೆ ಅದರ ಬೆಲೆ ಗೊತ್ತು ಎಂದು ವಾದ ಹೂಡಿದರು. ಗಂಡ ಹೆಂಡತಿ ಅದನ್ನೇ ಹಿಡಿದು ಜಗ್ಗಾಡುತ್ತಿರುವಾಗ ಪವಿತ್ರ ಬಿದ್ದ ಗಿಡಗಳನ್ನು ಒಂದೊಂದಾಗಿ ನೆಟ್ಟು, ಬುಡಕ್ಕೆ ಮಣ್ಣೊತ್ತಿದಳು. ಕೆಲವು ಹಿಡಿಯಬಹುದು ಎಂದರು ಗಂಗರತ್ನಮ್ಮ, ಎಲ್ಲವೂ ಅಲ್ಲ.

ಸೋಮವಾರ ಅರುಣ್‌ಕುಮಾರ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಎಲ್ಲವನ್ನೂ ಕೇಳಿದರು. ಕರುವಿನ ಗೂಟದ ಕಥೆಗೆ ನಕ್ಕು, ಯಂತ್ರ ಮುತ್ತರಾಯಪ್ಪನವರನ್ನು ಎಳೆದುಕೊಂಡು ಹೋದದ್ದಕ್ಕೆ ಬಂದಾಗ ನಗು ನಿಲ್ಲಿಸಿದರು. ಹಳೆಯ ಹಾಳೆಯನ್ನು ಅವತ್ತೇ ನಿಲ್ಲಿಸಿದರು. ಹೊಸದನ್ನು ಬರೆಯುವ ಕೆಲಸ ಪವಿತ್ರಳ ಪಾಲಿಗೆ ಬಂತು. ‘ಪರಿಕರ’ವನ್ನು ಅವಳು ಪೂರ್ತಿಯಾಗಿ ಕೈಬಿಟ್ಟಳು. ಒಂದು ಕಡೆ ‘ಯಂತ್ರದ ಜೊತೆಗೆ ಬರುವ ಸಾಮಾನು’ ಎಂದು ಬರೆದಳು, ಇನ್ನೊಂದು ಕಡೆ ‘ಕೆಲಸಕ್ಕೆ ತಕ್ಕಂತೆ ಹಾಕುವ ಜೋಡಣೆ, ಬೇರೆಯಾಗಿ ಕೊಳ್ಳಬೇಕು’ ಎಂದು. ಡೆಪ್ತ್ ಬಾರಿಗೆ ‘ಆಳ ಹಿಡಿಯುವ ಕೋಲು’ ಎಂದು ಹೆಸರಿಟ್ಟು, ಇದನ್ನು ಹಾಕದೆ ಯಂತ್ರ ನಡೆಸಬಾರದೆಂದು ದಪ್ಪಕ್ಷರದಲ್ಲಿ ಸೇರಿಸಿದಳು. ಅಚ್ಚಿಗೆ ಹೋಗುವ ಮೊದಲು ಫೋನಿನಲ್ಲಿ ಗಂಗರತ್ನಮ್ಮನಿಗೆ ಓದಿ ಹೇಳಿದಳು. ಅವರು ಎರಡು ಸಲ ಓದಿಸಿ, “ಈಗ ಜಗಳ ಇಲ್ಲ,” ಎಂದರು.

ತೆಲುಗಿನ ಹಾಳೆ ಬಾಕಿ ಇತ್ತು. ಜೋಡಣೆ ವಿಭಾಗದ ಇಂದ್ರಮ್ಮ ತೆಲುಗು ಮನೆಮಾತಿನವರು. ಊಟದ ಹೊತ್ತಿನಲ್ಲಿ ಪವಿತ್ರ ಅವರ ಮುಂದೆ ಹಾಳೆ ಹಿಡಿದಳು. ಇಂದ್ರಮ್ಮ ಮೊಸರನ್ನದ ಕೈಯನ್ನು ದೂರ ಹಿಡಿದುಕೊಂಡು ನಿಧಾನವಾಗಿ ಓದುತ್ತಾ ಹೋದರು. ಒಂದು ಕಡೆ ನಿಂತು ಹುಬ್ಬು ಗಂಟಿಕ್ಕಿದರು.

“ಇಲ್ಲಿ ಇಂಗ್ಲಿಷಲ್ಲಿ ಎಕ್ಸ್‌ಟೆನ್ಷನ್ ಅಂತೈತೆ. ಆ್ಯಕ್ಸಲ್ ಉದ್ದ ಮಾಡೋ ಕೊಳವೆ. ಅದು ಯಾವುದಕ್ಕೆ ಸೇರ್ತದೆ?”

ಪವಿತ್ರ ಡಬ್ಬಿಯ ಮುಚ್ಚಳ ಹಾಕಿ ಅವರ ಪಕ್ಕಕ್ಕೆ ಬಂದು ಕೂತಳು. “ನೋಡಾನ ಇರಿ,” ಎಂದಳು. “ಅದನ್ನ ಹಾಕಿದ್ರೆ ಏನಾಯ್ತದೆ, ಮೊದ್ಲು ಅದನ್ನ ಹೇಳಿ.”